ಮಗಳಿಗೊಂದು ಪತ್ರ: ಎರಡನೆಯ ಭಾಗವನ್ನು ಮೊದಲು ನೋಡಿದವಳಿಂದ

ಪ್ರೀತಿಯ ಮಗಳೇ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಹೌದು ಅಥವಾ ಇಲ್ಲ ಎಂದು ಹೇಳಿಬಿಡಬಹುದಿತ್ತು. ಗೆಳತಿಯರೆಲ್ಲ ಸೇರಿ ಯಾವುದೋ ವೈಜ್ಞಾನಿಕ ಕಥಾಚಿತ್ರದ ಮೂರನೆಯ ಭಾಗಕ್ಕೆ ಹೊರಟಿದ್ದಾರೆ, ಹಿಂದಿನ ಎರಡನ್ನೂ ನೀನು ನೋಡಿಲ್ಲ, ಹಾಗೆಯೇ ಹೋಗಿ ಕೂತರೆ ಏನಾದರೂ ಅರ್ಥವಾದೀತೇ ಎಂದು ನೀನು ಕೇಳಿದೆ. 'ಬರೆದು ತಿಳಿಸುತ್ತೇನೆ' ಎಂದಾಗ ನೀನು ನಕ್ಕೆ. ಆದರೆ ಸರಿಯಾಗಿ ಇದೇ ಪ್ರಶ್ನೆಯನ್ನು ನಾನು 11ನೆಯ ವಯಸ್ಸಿನಲ್ಲಿ, ಚಿತ್ರಮಂದಿರದ ಟಿಕೆಟ್ ಸಾಲಿನಲ್ಲಿ ನಿಂತುಕೊಂಡು, ನಿನ್ನ ಮಾಮನನ್ನು ಕೇಳಿದ್ದೆ. ಅವನ ಉತ್ತರ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು, ಅದರಲ್ಲಿ ಒಂದು ಸುಳ್ಳೂ ಸೇರಿತ್ತು, ಮತ್ತು ಆ ಸುಳ್ಳು ಸುಳ್ಳೆಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಇಷ್ಟನ್ನು ಫೋನಿನಲ್ಲಿ ಹೇಳುವುದು ನನ್ನಿಂದಾಗದು.

'ಬ್ಯಾಕ್ ಟು ದಿ ಫ್ಯೂಚರ್' ಚಿತ್ರ 1985ರ ಜುಲೈನಲ್ಲಿ ಬಿಡುಗಡೆಯಾಗಿತ್ತು. ಅದು ನಮ್ಮ ಕಡೆಗೆ ಬಂದಾಗ ನಿನ್ನ ಅಜ್ಜ ಅಣ್ಣನನ್ನು ಮಾತ್ರ ಕರೆದುಕೊಂಡು ಹೋದರು. ನಾನು ಚಿಕ್ಕವಳು, ಅರ್ಧಕ್ಕೇ ನಿದ್ದೆಹೋಗುತ್ತೇನೆ ಎಂಬ ಕಾರಣ ಹೇಳಿ ನನ್ನನ್ನು ಮನೆಯಲ್ಲೇ ಬಿಟ್ಟರು. ಆ ಸಿಟ್ಟನ್ನು ನಾನು ನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. 1989ರ ನವೆಂಬರಿನಲ್ಲಿ ಎರಡನೆಯ ಭಾಗ ತೆರೆಕಂಡು ನಮ್ಮ ಚಿತ್ರಮಂದಿರದ ಗೋಡೆಯ ಮೇಲೂ ಅದರ ಭಿತ್ತಿಚಿತ್ರ ಬಂದಾಗ, ಈ ಬಾರಿ ನನ್ನನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಭಿತ್ತಿಚಿತ್ರದಲ್ಲಿ ಇಬ್ಬರು ನಿಂತಿದ್ದರು, ಒಬ್ಬ ಹುಡುಗ, ಇನ್ನೊಬ್ಬ ಕೆದರಿದ ಬಿಳಿಗೂದಲಿನ ವಿಜ್ಞಾನಿ. ಇಬ್ಬರೂ ಗಾಬರಿಯಿಂದ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರಿಗೆ ಏತಕ್ಕೆ ತಡವಾಗಿದೆ ಎಂದು ಅಣ್ಣನನ್ನು ಕೇಳಿದೆ. ಅದಕ್ಕೆ ಮೊದಲ ಭಾಗದಿಂದಲೇ ಹೇಳಬೇಕು ಎಂದು ಅವನು ಶುರುಮಾಡಿದ.

ಅವನಿಗೆ ಆಗ 14 ವರ್ಷ. ಚಿತ್ರ ನೋಡಿ ನಾಲ್ಕು ವರ್ಷವಾಗಿದ್ದರೂ ಸಾಲು ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಿದ್ದಂತೆ ಅವನು ದೃಶ್ಯಕ್ಕೆ ದೃಶ್ಯ ಕೂಡಿಸುತ್ತ ಹೋದ. ಮಾರ್ಟಿ ಎಂಬ ಹುಡುಗ. ಡಾಕ್ ಬ್ರೌನ್ ಎಂಬ ಅರೆಹುಚ್ಚ ವಿಜ್ಞಾನಿ. ಅವನು ಡೆಲೋರಿಯನ್ ಕಾರಿನಲ್ಲಿ ಮಾಡಿಟ್ಟ ಕಾಲಯಂತ್ರ. ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಿದರೆ ಕಾರು ಕಾಲವನ್ನೇ ದಾಟುತ್ತದೆ. ಹುಡುಗ 1985ರಿಂದ ಮೂವತ್ತು ವರ್ಷ ಹಿಂದಕ್ಕೆ, 1955ಕ್ಕೆ ಹೋಗಿಬೀಳುತ್ತಾನೆ, ಮರಳಿ ಬರಲು ಬೇಕಾದ 121 ಕೋಟಿ ವಾಟ್ ವಿದ್ಯುತ್ತು ಆ ಕಾಲದಲ್ಲಿ ಸಿಡಿಲಿನಿಂದಲ್ಲದೆ ಬೇರೆಲ್ಲಿಂದಲೂ ಸಿಗುವಂತಿರುವುದಿಲ್ಲ. ಅಲ್ಲಿ ಅವನು ತನಗೆ ಗೊತ್ತಿಲ್ಲದೆ ತಂದೆತಾಯಿಯ ಮೊದಲ ಭೇಟಿಯನ್ನೇ ತಪ್ಪಿಸಿಬಿಡುವುದರಿಂದ, ಅವನ ಜೇಬಿನಲ್ಲಿದ್ದ ಫೋಟೋದಿಂದ ಒಡಹುಟ್ಟಿದವರು ಒಬ್ಬೊಬ್ಬರಾಗಿ ಅಳಿಸಿಹೋಗತೊಡಗುತ್ತಾರೆ. 'ಮೊದಲು ಮಾಯವಾಗುವುದು ಅಣ್ಣನೇ, ಅದೂ ತಲೆಯಿಂದ' ಎಂದು ನಿನ್ನ ಮಾಮ ಬಹಳ ಹೆಮ್ಮೆಯಿಂದ ಹೇಳಿದ. ಕಾಲಯಂತ್ರದಲ್ಲಿ ಮೊದಲು ಪ್ರಯಾಣ ಮಾಡಿದ್ದು ಮನುಷ್ಯನಲ್ಲ, ಐನ್‌ಸ್ಟೈನ್ ಎಂಬ ಹೆಸರಿನ ನಾಯಿ, ಅದೂ ಬರೀ ಒಂದು ನಿಮಿಷ ಮುಂದಕ್ಕೆ ಎಂದಾಗ ಮಾತ್ರ ನನಗೆ ನಂಬಿಕೆ ಬರಲಿಲ್ಲ. ಇದು ನೀನು ಸೇರಿಸಿದ್ದು ಎಂದು ಜಗಳ ತೆಗೆದೆ.

ಹುಡುಗಿಯಾಗಿದ್ದ ತಾಯಿಗೆ ಈ ಅಪರಿಚಿತ ಯಾರೆಂದು ಗೊತ್ತಾಗುವುದಿಲ್ಲವೇ ಎಂದು ಕೇಳಿದಾಗ ಅವನು ಸ್ವಲ್ಪ ತಡವರಿಸಿದ. ಮೊದಮೊದಲು ಅವನನ್ನು ಯಾರೋ ದೂರದ ನೆಂಟನೆಂದು ತಿಳಿದಿರುತ್ತಾಳೆ, ಕೊನೆಯಲ್ಲಿ ಅವನು ಹೊರಟು ನಿಂತಾಗ ಗಲ್ಲ ಹಿಡಿದು ನೋಡಿ ಇವನು ತನ್ನ ಮಗನೇ ಎಂದು ಗುರುತಿಸುತ್ತಾಳೆ, ಆದರೆ ಯಾರಿಗೂ ಹೇಳುವುದಿಲ್ಲ ಎಂದ. ನಾಯಿಯ ಪ್ರಯಾಣವನ್ನು ನಂಬದ ನಾನು ಇದನ್ನು ಒಂದೇ ಏಟಿಗೆ ನಂಬಿದೆ.

ತಡವಾಗಿ ಒಳಹೋದುದರಿಂದ ನಮಗೆ ಸಿಕ್ಕಿದ್ದು ಮುಂದಿನಿಂದ ಎರಡನೆಯ ಸಾಲು. ಅಲ್ಲಿಂದ ತೆರೆ ಒಂದೇ ನೋಟಕ್ಕೆ ಸಿಗುತ್ತಿರಲಿಲ್ಲ. ಎಡದಲ್ಲಿ ಮಾತನಾಡುವವನನ್ನು ನೋಡಿ ಬಲದಲ್ಲಿ ಕೇಳುವವನತ್ತ ಕತ್ತು ಹೊರಳಿಸುವಷ್ಟರಲ್ಲಿ ದೃಶ್ಯವೇ ಬದಲಾಗಿರುತ್ತಿತ್ತು. ತೆರೆಯ ಬಲ ಮೇಲ್ಮೂಲೆಯಲ್ಲಿ ಆಗಾಗ ಒಂದು ಸಣ್ಣ ದುಂಡನೆಯ ಚುಕ್ಕೆ ಕಣ್ಣು ಮಿಟುಕಿಸಿದ ಹಾಗೆ ಮೂಡಿ ಮಾಯವಾಗುತ್ತಿತ್ತು, ಕೆಲವು ಸೆಕೆಂಡಿನ ನಂತರ ಇನ್ನೊಮ್ಮೆ. ಪಾತ್ರಗಳು ಒಂದು ಕಾಲದಿಂದ ಇನ್ನೊಂದಕ್ಕೆ ಹಾರುವ ಮೊದಲು ಕೊಡುವ ಸಂಕೇತ ಅದೆಂದು ನಾನೇ ನಿರ್ಧರಿಸಿಕೊಂಡು, ಚುಕ್ಕೆ ಕಂಡಾಗಲೆಲ್ಲ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಸುಮಾರು ಇಪ್ಪತ್ತು ನಿಮಿಷದ ಒಂದು ರೀಲು ಮುಗಿಯುತ್ತ ಬಂದಿದೆ, ಪಕ್ಕದ ಪ್ರೊಜೆಕ್ಟರನ್ನು ಚಾಲೂ ಮಾಡು ಎಂದು ಮೇಲಿನ ಕೋಣೆಯಲ್ಲಿದ್ದವನಿಗೆ ಹೇಳುವ ಗುರುತು ಅದೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ನೀವು ಈಗ ನೋಡುವ ಡಿಜಿಟಲ್ ಪ್ರದರ್ಶನಗಳಲ್ಲಿ ಆ ಚುಕ್ಕೆಯ ಅಗತ್ಯವೇ ಇಲ್ಲ.

ಚಿತ್ರ ಶುರುವಾಗುವುದು ಹಿಂದಿನದು ಮುಗಿದ ಅದೇ ಗಳಿಗೆಯಿಂದ. ವಿಜ್ಞಾನಿ ಭವಿಷ್ಯದಿಂದ ಓಡಿಬಂದು, ನಿಮಗೆ ಮುಂದೆ ಹುಟ್ಟುವ ಮಕ್ಕಳಿಗೆ ತೊಂದರೆಯಾಗಿದೆ ಎಂದು ಮಾರ್ಟಿಯನ್ನೂ ಅವನ ಗೆಳತಿ ಜೆನಿಫರಳನ್ನೂ ಕಾರಿಗೆ ಹತ್ತಿಸುತ್ತಾನೆ. ಐದು ನಿಮಿಷವೂ ಆಗಿರಲಿಲ್ಲ, ಅಣ್ಣ ಕುರ್ಚಿಯಲ್ಲಿ ಚಡಪಡಿಸಿ, 'ಇವಳು ಅವಳಲ್ಲ!' ಎಂದು ಪಿಸುಗುಟ್ಟಿದ. ಹಿಂದಿನ ಸಾಲಿನಿಂದ ಯಾರೋ ಶ್ ಎಂದರು. ಅವನು ಹೇಳಿದ್ದು ನಿಜ. ಮೊದಲ ಭಾಗದ ನಟಿಯ ಬದಲು ಇದರಲ್ಲಿ ಎಲಿಜಬೆತ್ ಶೂ ನಟಿಸಿದ್ದರು. ಅದಕ್ಕಾಗಿ ಹಿಂದಿನ ಚಿತ್ರದ ಕೊನೆಯ ದೃಶ್ಯವನ್ನು ಮತ್ತೆ ಹೊಸದಾಗಿ ಚಿತ್ರೀಕರಿಸಬೇಕಾಗಿತ್ತು. ಹಿಂದಿನವಳನ್ನು ಕಂಡೇ ಇರದ ನನಗೆ ಇವಳೇ ಜೆನಿಫರ್. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಮನೆಯಲ್ಲಿ ಉಳಿದುದರಿಂದ ನನಗೊಂದು ಲಾಭವಾಗಿತ್ತು.

ಪಾಪ, ಆ ಜೆನಿಫರಳಿಗೆ ಚಿತ್ರದ ಬಹುಭಾಗದಲ್ಲಿ ನಿದ್ದೆ ಮಾಡುವುದಷ್ಟೇ ಕೆಲಸ. ಇದರ ಹಿನ್ನೆಲೆ ನನಗೆ ಬಹಳ ಇಷ್ಟ. ಮೊದಲ ಚಿತ್ರ ಮಾಡುವಾಗ ನಿರ್ದೇಶಕ ರಾಬರ್ಟ್ ಝೆಮೆಕಿಸ್ ಅವರಿಗಾಗಲಿ ಜೊತೆ ಲೇಖಕ ಬಾಬ್ ಗೇಲ್ ಅವರಿಗಾಗಲಿ ಮುಂದುವರಿದ ಭಾಗ ಮಾಡುವ ಯೋಚನೆಯೇ ಇರಲಿಲ್ಲ. ಮೂವರೂ ಕಾರಿನಲ್ಲಿ ಹಾರಿಹೋಗುವ ಆ ಕೊನೆ ಬರೀ ತಮಾಷೆಯಾಗಿತ್ತು. ಚಿತ್ರ ಗೆದ್ದು ಎರಡನೆಯದು ಅನಿವಾರ್ಯವಾದಾಗ, ಕಥೆಯಲ್ಲಿ ಏನೂ ಕೆಲಸವಿಲ್ಲದ ಹುಡುಗಿಯೊಬ್ಬಳು ಆಗಲೇ ಕಾರಿನಲ್ಲಿ ಕೂತುಬಿಟ್ಟಿದ್ದಳು. ಅವಳನ್ನು ಇಳಿಸುವಂತಿಲ್ಲ, ಇಟ್ಟುಕೊಂಡು ಮಾಡುವುದೇನೂ ಇಲ್ಲ. ಆದ್ದರಿಂದ ವಿಜ್ಞಾನಿಯ ಕೈಗೊಂದು ಉಪಕರಣ ಕೊಟ್ಟು ಅವಳನ್ನು ಮಲಗಿಸಿಬಿಟ್ಟರು. ಎರಡನೆಯ ಭಾಗಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ, ಮೊದಲಿನವರು ನಗುನಗುತ್ತ ಮಾಡಿಟ್ಟ ಸಾಲವನ್ನು ತೀರಿಸುತ್ತ ಕೂರುತ್ತವೆ.

ಕಾರು ಹೋಗಿ ನಿಲ್ಲುವುದು 2015ರ ಅಕ್ಟೋಬರ್ 21ಕ್ಕೆ. ಹಾರುವ ಕಾರುಗಳು, ತಾವೇ ಬಿಗಿದುಕೊಳ್ಳುವ ಬೂಟುಗಳು, ಗಾಳಿಯಲ್ಲಿ ತೇಲುವ ಗುಲಾಬಿ ಬಣ್ಣದ ಹೋವರ್‌ಬೋರ್ಡ್. ಒಂದು ಚಿತ್ರಮಂದಿರದ ಮುಂದೆ 'ಜಾಸ್' ಚಿತ್ರದ ಹತ್ತೊಂಬತ್ತನೆಯ ಭಾಗ ಓಡುತ್ತಿರುತ್ತದೆ, ಅದರ ಫಲಕದಿಂದ ತಿಮಿಂಗಿಲದ ಗಾತ್ರದ ಹೊಲೋಗ್ರಾಮ್ ಶಾರ್ಕ್, ಅಂದರೆ ಬರೀ ಬೆಳಕಿನಿಂದ ಮೂಡಿದ ಶಾರ್ಕ್, ಹೊರಬಂದು ಮಾರ್ಟಿಯನ್ನು ನುಂಗಲು ಎರಗುತ್ತದೆ. ಎರಡನೆಯ ಸಾಲಿನಲ್ಲಿದ್ದ ನಾನು ತಲೆ ಬಗ್ಗಿಸಿಬಿಟ್ಟೆ. ಚಿತ್ರಮಂದಿರವೆಲ್ಲ ನಗುತ್ತಿದ್ದಾಗ ಅದು ಎಷ್ಟನೆಯ ಭಾಗ ಎಂಬುದರಲ್ಲಿ ತಮಾಷೆಯಿದೆ ಎಂದು ನನಗೆ ತಿಳಿಯಲಿಲ್ಲ. ನಿಜ ಜಗತ್ತಿನಲ್ಲಿ ಆ ಸರಣಿ 1987ರಲ್ಲಿ ನಾಲ್ಕಕ್ಕೇ ನಿಂತಿತ್ತು. ತಾನೂ ಒಂದು ಎರಡನೆಯ ಭಾಗವೇ ಆಗಿದ್ದುಕೊಂಡು ಎರಡನೆಯ ಭಾಗಗಳನ್ನು ಲೇವಡಿ ಮಾಡುವ ಆ ಧಾರ್ಷ್ಟ್ಯ ನನಗೆ ಈಗ ಮೆಚ್ಚುಗೆಯಾಗುತ್ತದೆ.

ಹೋವರ್‌ಬೋರ್ಡಿನ ವಿಷಯದಲ್ಲಿ ಮೋಸಹೋದವಳು ನಾನೊಬ್ಬಳೇ ಅಲ್ಲ. ಇವು ನಿಜವಾದವೇ, ಅಪಾಯವೆಂದು ಅಂಗಡಿಗಳಿಗೆ ಬಿಡುತ್ತಿಲ್ಲ ಎಂಬ ಅರ್ಥದಲ್ಲಿ ನಿರ್ದೇಶಕರು ಪ್ರಚಾರದ ವೇಳೆ ತಮಾಷೆ ಮಾಡಿದ್ದನ್ನು ಬಹಳಷ್ಟು ಮಕ್ಕಳು ಅಕ್ಷರಶಃ ನಂಬಿದ್ದರು. ನಿಜವಾಗಿ ಚಿತ್ರತಂಡದವರು ನಟರನ್ನು ತಂತಿಗಳಿಂದ ತೂಗುಬಿಟ್ಟು, ಆಮೇಲೆ ಚಿತ್ರದಿಂದ ತಂತಿ ಅಳಿಸಿದ್ದರು.

ನಿನಗೆ ವಿಶೇಷವಾಗಿ ಹೇಳಬೇಕಾದದ್ದು ಊಟದ ಮೇಜಿನ ದೃಶ್ಯ. 2015ರ ಮಾರ್ಟಿಯ ಮನೆಯಲ್ಲಿ ಅಪ್ಪ, ಮಗ, ಮಗಳು ಒಂದೇ ಮೇಜಿಗೆ ಕೂರುತ್ತಾರೆ, ಮೂವರೂ ಮಾರ್ಟಿಯ ಪಾತ್ರ ಮಾಡಿದ ಮೈಕೆಲ್ ಜೆ. ಫಾಕ್ಸ್ ಒಬ್ಬರೇ. ಹೌದು, ಮಗಳು ಕೂಡ. ಒಬ್ಬ ನಟನನ್ನು ಒಂದೇ ಚೌಕಟ್ಟಿನಲ್ಲಿ ಎರಡು ಕಡೆ ತೋರಿಸುವುದು ಹಳೆಯ ತಂತ್ರವೇ, ಆದರೆ ಸಾಮಾನ್ಯವಾಗಿ ಅದಕ್ಕೆ ಕ್ಯಾಮೆರಾ ಅಲುಗಾಡದೆ ನಿಂತಿರಬೇಕಿತ್ತು. ಇಲ್ಲಿ ಕ್ಯಾಮೆರಾ ಮೇಜಿನ ಸುತ್ತ ಸರಾಗವಾಗಿ ಸರಿಯುತ್ತದೆ. ಚಿತ್ರಗಳ ದೃಶ್ಯ ಚಮತ್ಕಾರಗಳನ್ನು ಮಾಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರು ವಿಸ್ಟಾಗ್ಲೈಡ್ ಎಂಬ ಕಂಪ್ಯೂಟರ್ ನಿಯಂತ್ರಿತ ವ್ಯವಸ್ಥೆಯೊಂದನ್ನು ಮಾಡಿ, ಪ್ರತಿ ವೇಷಕ್ಕೂ ಕ್ಯಾಮೆರಾ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಹಾದಿಯಲ್ಲಿ ಚಲಿಸುವಂತೆ ಮಾಡಿದ್ದರು. ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಮಗಳು ಅಪ್ಪನನ್ನು ಎಷ್ಟು ಹೋಲುತ್ತಾಳಲ್ಲ ಎಂದುಕೊಂಡು ಸುಮ್ಮನೆ ನೋಡಿದೆ.

ಆ ಅಪ್ಪನಿಗೆ ಚಿತ್ರದಲ್ಲಿ 47 ವರ್ಷ. ಜೋತುಬಿದ್ದ ಮುಖ, ಬಾಗಿದ ಹೆಗಲು. ಕೆಲಸ ಕಳೆದುಕೊಂಡ ಸುದ್ದಿ ಮನೆಯಲ್ಲಿರುವ ಫ್ಯಾಕ್ಸ್ ಯಂತ್ರಗಳಿಂದೆಲ್ಲ ಒಟ್ಟಿಗೇ ಉದುರುತ್ತದೆ. ಕತ್ತಲಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದೆ, 2015ಕ್ಕೆ ನನಗೆ 37. ಅಷ್ಟು ವಯಸ್ಸಾಗುವುದು ಹಾರುವ ಕಾರಿಗಿಂತಲೂ ಅಸಂಭವವೆನಿಸಿತು. ಈಗ ನನಗೆ ಆ ಅಪ್ಪನ ವಯಸ್ಸು. ಮೇಕಪ್ ಮಾಡಿದವರು ಸ್ವಲ್ಪ ಹೆಚ್ಚೇ ಮಾಡಿದ್ದಾರೆಂದು ಹೇಳಲು ನನಗೆ ಹಕ್ಕಿದೆ.

ಇಲ್ಲಿಯವರೆಗೆ ಎಲ್ಲವೂ ಆಟದಂತೆ ಸಾಗುತ್ತದೆ. ಆಮೇಲೆ ಬಿಫ್ ಎಂಬ ದುಷ್ಟ ಮುದುಕ 1950ರಿಂದ 2000ದವರೆಗಿನ ಪಂದ್ಯಗಳ ಫಲಿತಾಂಶವಿರುವ ಪುಸ್ತಕವನ್ನೂ ಕಾಲಯಂತ್ರವನ್ನೂ ಕದ್ದು 1955ಕ್ಕೆ ಹೋಗಿ, ತರುಣನಾಗಿದ್ದ ತನಗೇ ಆ ಪುಸ್ತಕ ಕೊಟ್ಟು ಬರುತ್ತಾನೆ. ಮಾರ್ಟಿ 1985ಕ್ಕೆ ಮರಳಿದರೆ ಅದು ಅವನ 1985 ಆಗಿರುವುದಿಲ್ಲ. ಅವನ ಮನೆಯಲ್ಲಿ ಬೇರೆಯವರು ಇರುತ್ತಾರೆ, ಪಂದ್ಯಗಳಿಗೆ ಬಾಜಿ ಕಟ್ಟಿ ಗೆದ್ದ ಹಣದಿಂದ ಊರನ್ನು ಬಿಫ್ ನುಂಗಿರುತ್ತಾನೆ, ಅಪ್ಪನ ಹೆಸರು ಗೋರಿಯ ಕಲ್ಲಿನ ಮೇಲಿರುತ್ತದೆ. ಏಟು ತಿಂದು ಪ್ರಜ್ಞೆ ತಪ್ಪಿದ ಮಾರ್ಟಿ ಕತ್ತಲ ಕೋಣೆಯಲ್ಲಿ ಕಣ್ಣುಬಿಡುವಾಗ ತಾಯಿಯ ದನಿ ಕೇಳಿಸುತ್ತದೆ. ಕೆಟ್ಟ ಕನಸು ಬಿದ್ದಿತ್ತು ಎನ್ನುವ ಅವನನ್ನು ಅವಳು ಸಂತೈಸಿ, ನೀನು 27ನೆಯ ಮಹಡಿಯಲ್ಲಿ ಕ್ಷೇಮವಾಗಿದ್ದೀಯೆ ಎನ್ನುತ್ತಾಳೆ. ದೀಪ ಹತ್ತುತ್ತದೆ. ಅವಳು ಈಗ ಬಿಫ್‌ನ ಹೆಂಡತಿ. ಚಿತ್ರಮಂದಿರದಲ್ಲಿ ಕೆಲವರು ನಕ್ಕರು. ನಾನು ಅತ್ತೆ. ಅಣ್ಣನ ಕಥೆಯ ಪ್ರಕಾರ ಆ ತಾಯಿ ಮೂವತ್ತು ವರ್ಷಗಳಿಂದ ಮಗನ ಗುಟ್ಟನ್ನು ಬಲ್ಲವಳು. ಈಗಲಾದರೂ ಅವಳು ಬಾಯಿಬಿಟ್ಟು ಹೇಳಿಯಾಳು ಎಂದು ನಾನು ಕಾಯುತ್ತಿದ್ದೆ, ಅವಳು ಹೇಳಲೇ ಇಲ್ಲ.

ಮುಂದೊಂದು ದೃಶ್ಯದಲ್ಲಿ ವಿಜ್ಞಾನಿ ಒಂದು ಕಪ್ಪುಹಲಗೆಯ ಮುಂದೆ ನಿಂತು ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುತ್ತಾನೆ. ಒಂದು ತುದಿ ಹಿಂದಿನ ಕಾಲ, ನಡುವೆ 1985, ಇನ್ನೊಂದು ತುದಿ ಮುಂದಿನ ಕಾಲ. ಆಮೇಲೆ 1955ರ ಬಳಿಯಿಂದ ಇನ್ನೊಂದು ಗೆರೆ ಓರೆಯಾಗಿ ಕೆಳಕ್ಕೆ ಹೊರಳುತ್ತದೆ. ನಾವೀಗ ಇರುವುದು ಆ ಗೆರೆಯ ಮೇಲೆ. ಭವಿಷ್ಯಕ್ಕೆ ಹೋಗಿ ಕಳ್ಳನನ್ನು ತಡೆಯೋಣ ಎಂದರೆ ಆಗದು, ಇಲ್ಲಿಂದ ಹೊರಟರೆ ಸಿಗುವುದು ಈ ಓರೆಗೆರೆಯದೇ ಭವಿಷ್ಯ. ಗೆರೆ ಒಡೆದ ಜಾಗಕ್ಕೇ ಮರಳಿ ಹೋಗಬೇಕು. ನನ್ನ ಇಂಗ್ಲಿಷ್ ಆಗ ಅರ್ಧಂಬರ್ಧ, ಮಾತು ಪೂರ್ತಿ ಹಿಡಿತಕ್ಕೆ ಸಿಗಲಿಲ್ಲ, ಆದರೆ ಆ ಎರಡು ಗೆರೆಗಳು ಸಾಕಾದವು. ಮರುದಿನ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಅದನ್ನೇ ಬರೆದು, ಅಪ್ಪ ನನ್ನನ್ನೂ ಮೊದಲ ಭಾಗಕ್ಕೆ ಕರೆದುಕೊಂಡು ಹೋಗಿದ್ದರೆ ಎಂಬ ಜಾಗದಿಂದ ಒಂದು ಓರೆಗೆರೆ ಎಳೆದಿದ್ದೆ. ಅದರ ತುದಿಯಲ್ಲಿ ಏನು ಬರೆಯಬೇಕೆಂದು ಹೊಳೆಯದೆ ಖಾಲಿ ಬಿಟ್ಟೆ.

ಹಾಗಾಗಿ ಇಬ್ಬರೂ ಮತ್ತೆ 1955ರ ನವೆಂಬರ್ 12ಕ್ಕೆ, ಮೊದಲ ಚಿತ್ರದ ಅದೇ ರಾತ್ರಿಗೆ ಹೋಗುತ್ತಾರೆ. ಇಷ್ಟು ಜಾಣತನದ ಎರಡನೆಯ ಭಾಗವನ್ನು ನಾನು ಆಮೇಲೆ ಅಪರೂಪಕ್ಕೆ ನೋಡಿದ್ದೇನೆ. ಮೊದಲ ಚಿತ್ರದ ಮಾರ್ಟಿ ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿದ್ದರೆ, ಎರಡನೆಯ ಚಿತ್ರದ ಮಾರ್ಟಿ ಅದೇ ವೇದಿಕೆಯ ಮೇಲಿನ ಅಟ್ಟದಲ್ಲಿ ಬಚ್ಚಿಟ್ಟುಕೊಂಡು ತನ್ನನ್ನೇ ಕೆಳಗೆ ನೋಡುತ್ತಿರುತ್ತಾನೆ. ಮೊದಲ ಚಿತ್ರ ಕಂಡಿದ್ದವರಿಗೆ ಇದು ಗೊತ್ತಿದ್ದ ಮನೆಯನ್ನು ಹಿತ್ತಲಿನಿಂದ ಹೊಕ್ಕ ಅನುಭವ. ನನಗೆ ಮುಂಬಾಗಿಲು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಅಟ್ಟದ ಮೇಲಿನಿಂದ, ಕಾರಿನ ಹಿಂದಿನ ಸೀಟಿನ ಮರೆಯಿಂದ, ಬಾಗಿಲ ಸಂದಿನಿಂದ ನನಗೆ ಮೊದಲ ಚಿತ್ರದ ದರ್ಶನವಾಯಿತು, ಉಳಿದ ಭಾಗವನ್ನು ಟಿಕೆಟ್ ಸಾಲಿನ ಕಥೆಯಿಂದ ತುಂಬಿಕೊಂಡೆ. ತಾಯಿಯಾಗಲಿರುವ ಹುಡುಗಿ ಆ ಅಪರಿಚಿತನ ಬಗ್ಗೆ ಆಡುವ ಮಾತಿನಲ್ಲಿ ನನಗೊಂದು ಸೂಚನೆ ಸಿಗಬೇಕಿತ್ತು. ಅದು ನನ್ನ ಇಂಗ್ಲಿಷಿಗೆ ನಿಲುಕಲಿಲ್ಲ, ಅಣ್ಣನೂ ಅಲ್ಲಿ ಅನುವಾದ ಮಾಡಲಿಲ್ಲ.

ಕೊನೆಯನ್ನಂತೂ ಮರೆಯಲಾರೆ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಸಿಡಿಲೆರಗಿ ಕಾರೂ ವಿಜ್ಞಾನಿಯೂ ಮಾಯವಾಗುತ್ತಾರೆ, ಮಾರ್ಟಿ ಖಾಲಿ ರಸ್ತೆಯಲ್ಲಿ ಒಂಟಿಯಾಗುತ್ತಾನೆ. ಮಳೆ ಸುರಿಯತೊಡಗುತ್ತದೆ. ಆಗ ಒಂದು ಕಾರು ಬಂದು ನಿಂತು, ಅದರಿಂದಿಳಿದವನು ಹೆಸರು ಕೇಳಿ ಖಚಿತಪಡಿಸಿಕೊಂಡು, ಎಪ್ಪತ್ತು ವರ್ಷಗಳಿಂದ ತಮ್ಮ ಕಂಪನಿಯಲ್ಲಿ ಕಾದಿರಿಸಿದ್ದ ಲಕೋಟೆಯೊಂದನ್ನು ಕೊಡುತ್ತಾನೆ. ಇದೇ ಜಾಗ, ಇದೇ ಗಳಿಗೆ, ಇಂಥ ಹುಡುಗ ಎಂಬ ಸೂಚನೆಯೊಂದಿಗೆ ವಿಜ್ಞಾನಿ 1885ರಲ್ಲಿ ಬರೆದ ಪತ್ರ. ಮಾರ್ಟಿ ಮಳೆಯಲ್ಲೇ ಅದನ್ನು ಓದಿ ಕುಣಿದಾಡುತ್ತಾನೆ. ಕಾಗದ, ಮಸಿ ಮತ್ತು ಮಾತಿಗೆ ತಪ್ಪದ ಒಂದು ಕಚೇರಿ: ಇಡೀ ಚಿತ್ರದಲ್ಲಿ ಕೆಡದೆ ಕೆಲಸ ಮಾಡಿದ ಕಾಲಯಂತ್ರ ನನ್ನ ಪಾಲಿಗೆ ಅದೊಂದೇ.

ಅಷ್ಟರಲ್ಲಿ ಕಥೆ ಮುಂದೆ ಮುಕ್ತಾಯವಾಗಲಿದೆ ಎಂಬ ಅಕ್ಷರಗಳು ಮೂಡಿ, ಮೂರನೆಯ ಭಾಗದ ತುಣುಕುಗಳು ಬಂದವು. ಎರಡು ಮತ್ತು ಮೂರನೆಯ ಭಾಗಗಳನ್ನು ಒಂದರ ಹಿಂದೊಂದು ಚಿತ್ರೀಕರಿಸಿದ್ದರಿಂದ 1990ರ ಮೇ ತಿಂಗಳಿಗೇ ಮೂರನೆಯದು ಸಿದ್ಧವಾಗಿತ್ತು. ದೊಡ್ಡವರು ಗೊಣಗುತ್ತ ಎದ್ದರು. 108 ನಿಮಿಷ ಕೂರಿಸಿ ಕಥೆ ಮುಗಿಸದೆ ಕಳಿಸುವುದು ಎಂಥ ನ್ಯಾಯ ಎಂದು ಒಬ್ಬರು ಗಟ್ಟಿಯಾಗಿಯೇ ಕೇಳಿದರು. ನನಗೆ ಬೇಸರವಾಗಲಿಲ್ಲ. ಆರಂಭವನ್ನೇ ನೋಡದವಳಿಗೆ ಅಂತ್ಯವಿಲ್ಲದಿರುವುದು ಅಷ್ಟು ದೊಡ್ಡ ಕೊರತೆಯಲ್ಲ.

ಮೊದಲ ಭಾಗ ನನಗೆ ಸಿಕ್ಕಿದ್ದು ಎರಡು ವರ್ಷದ ನಂತರ, ವಿಡಿಯೋ ಕ್ಯಾಸೆಟ್ಟಿನಲ್ಲಿ. ಅಣ್ಣ ಪಕ್ಕದಲ್ಲಿ ಕೂತಿದ್ದ. ನಾಯಿ ನಿಜವಾಗಿಯೂ ಒಂದು ನಿಮಿಷ ಮುಂದಕ್ಕೆ ಹೋಯಿತು. ಅವನು ನನ್ನತ್ತ ತಿರುಗಿ ಹುಬ್ಬು ಹಾರಿಸಿದ. ಫೋಟೋದಲ್ಲಿ ಅಣ್ಣನ ತಲೆಯೇ ಮೊದಲು ಅಳಿಸಿತು. ಮುಂದೆ, 1955ರಲ್ಲಿ ಹಾಸಿಗೆಯ ಪಕ್ಕ ಕೂತ ಹುಡುಗಿ ತನ್ನ ಮಗನಾಗಲಿರುವವನನ್ನು ಕಣ್ಣರಳಿಸಿ ನೋಡುತ್ತಿದ್ದಂತೆ, ನೀರು ಕುಡಿದು ಬರುತ್ತೇನೆಂದು ನಿನ್ನ ಮಾಮ ಎದ್ದು ಹೋದ. ಆ ಚಿತ್ರದ ಫಜೀತಿಯೆಲ್ಲ ಇರುವುದೇ ಅಲ್ಲಿ: ಅವಳು ಮಗನನ್ನು ಗುರುತಿಸುವುದಿಲ್ಲ, ಅವನ ಮೇಲೆ ಮನಸ್ಸಿಡುತ್ತಾಳೆ, ಅವಳ ಮನಸ್ಸನ್ನು ಅಪ್ಪನ ಕಡೆಗೆ ತಿರುಗಿಸಲು ಆ ಹುಡುಗ ಪಡಬಾರದ ಪಾಡು ಪಡುತ್ತಾನೆ. 14 ವರ್ಷದ ಅಣ್ಣನೊಬ್ಬ 11 ವರ್ಷದ ತಂಗಿಗೆ, ಅದೂ ನಾಲ್ಕು ಜನ ಕೇಳುವ ಸಾಲಿನಲ್ಲಿ ನಿಂತು, ಇದನ್ನು ಹೇಗೆ ಹೇಳಿಯಾನು? ಆ ಜಾಗದಲ್ಲಿ ಅವನು ಬೇರೊಂದು ಕಥೆ ಹೆಣೆದಿದ್ದ. ಬೀಳ್ಕೊಡುವ ದೃಶ್ಯ ಬಂದಾಗ ಅವಳು ಗಲ್ಲ ಹಿಡಿಯಲಿಲ್ಲ. ಮಾರ್ಟಿ ಎಂಬ ಹೆಸರು ಚೆನ್ನಾಗಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು, ಅಷ್ಟೇ. ಅವನು ನೀರು ಕುಡಿಯಲು ಬಹಳ ಹೊತ್ತು ತೆಗೆದುಕೊಂಡ. ಬಂದಮೇಲೆ ನಾನೂ ಏನೂ ಕೇಳಲಿಲ್ಲ.

2015ರ ಅಕ್ಟೋಬರ್ 21 ಬುಧವಾರವಾಗಿತ್ತು. ಆ ಸಂಜೆ ಮಾಮ ವಿಡಿಯೋ ಕರೆ ಮಾಡಿದ್ದು ನಿನಗೆ ನೆನಪಿರಲಾರದು. ಚಿತ್ರದಲ್ಲಿ ಗೋಡೆಯ ತೆರೆಯ ಮೇಲೆ ಮುಖ ನೋಡಿ ಮಾತನಾಡುತ್ತಿದ್ದುದು ನಮ್ಮ ಕೈಗೇ ಬಂದಿತ್ತು, ಹಾರುವ ಕಾರು ಬಂದಿರಲಿಲ್ಲ, ಮನೆತುಂಬ ಇರಬೇಕಾಗಿದ್ದ ಫ್ಯಾಕ್ಸ್ ಯಂತ್ರಗಳು ಬಂದು ಹೋಗಿಯೂ ಆಗಿತ್ತು. 'ಎಲ್ಲಿ ನನ್ನ ಹೋವರ್‌ಬೋರ್ಡ್?' ಎಂದು ಅವನು ಕೇಳಿದ. ಇಬ್ಬರೂ ನಕ್ಕೆವು. ಆ ತಾಯಿಯ ವಿಷಯವನ್ನು ಕೇಳಲು ಅದು ಒಳ್ಳೆಯ ಸಮಯವಾಗಿತ್ತು, ಆದರೆ ನೀನು ನಡುವೆ ಮುಖ ತೂರಿಸಿ ನಿನ್ನ ಉದುರಿದ ಹಲ್ಲು ತೋರಿಸಿದೆ, ಮಾತು ಅತ್ತ ಹೋಯಿತು.

ನನಗೆ ಇಂದಿಗೂ ಮೊದಲ ಭಾಗಗಳು ಎರಡಿವೆ, ಒಂದು ಕ್ಯಾಸೆಟ್ಟಿನದು, ಒಂದು ಸಾಲಿನಲ್ಲಿ ನಿಂತು ಕೇಳಿದ್ದು. ಕ್ಯಾಸೆಟ್ಟಿನದೇ ಉತ್ತಮ ಚಿತ್ರ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಸೀಮೆಸುಣ್ಣದ ಓರೆಗೆರೆಯ ಹಾಗೆ ಇನ್ನೊಂದೂ ಎಲ್ಲೋ ನಡೆಯುತ್ತಿದೆ, ಅಲ್ಲಿ ಆ ಹುಡುಗಿ ಮಗನ ಗಲ್ಲ ಹಿಡಿದು ನೋಡುತ್ತಾಳೆ.

ಆದ್ದರಿಂದ ಧಾರಾಳವಾಗಿ ಹೋಗಿ ಬಾ. ಹಿಂದಿನ ಎರಡನ್ನೂ ರಾತ್ರಿಯೆಲ್ಲ ಕೂತು ಫೋನಿನಲ್ಲಿ ನೋಡಿ ಮುಗಿಸುವ ಉಸಾಬರಿ ಬೇಡ. ಬೇಗ ಹೊರಟು, ಆ ಚಿತ್ರಗಳನ್ನು ಚೆನ್ನಾಗಿ ಬಲ್ಲ ಗೆಳತಿಯೊಬ್ಬಳನ್ನು ಹಿಡಿದು ಕಥೆ ಹೇಳಿಸಿಕೋ. ಅವಳು ಎಲ್ಲಿ ತಡವರಿಸಿದಳು, ಯಾವುದನ್ನು ಬೇಗಬೇಗ ದಾಟಿಸಿದಳು ಎಂಬುದನ್ನು ಗಮನವಿಟ್ಟು ಕೇಳಿ ನನಗೆ ಬರೆ. ಮಾಮನಿಗೆ ಈ ಪತ್ರವನ್ನು ಓದಿಸುವುದಾದರೆ ಓದಿಸು. ಅವನು ನೀರು ಕುಡಿಯಲು ಎದ್ದು ಹೋದರೆ ಅದನ್ನೂ ತಿಳಿಸು.

ಇಂತಿ,
ನಿನ್ನ ಅಮ್ಮ